ಮಲಯಾಳಿ ಮನೆಯ ಕನ್ನಡ ಟೀಚರ್

ಬಿ.ಎಡ್. ಓದುತ್ತಾ, ರಿಪ್ಪನ್‌ಪೇಟೆಯ ನಮ್ಮ ಶಾಲೆಗೆ ಕನ್ನಡ ಪಾಠದ ತರಬೇತಿಗೆ ಬಂದ ಆ ಹುಡುಗಿಯ ಮನೆಮಾತು ಮಲಯಾಳಂ. "ಕನ್ನಡ ಯಾವಾಗ ಬಂತಮ್ಮಾ?" ಎಂದು ಯಾರು ಕೆಣಕಿದರೂ ಬಳೆ ಮೇಲಕ್ಕೆ ಸರಿಸಿ, "ಇನ್ನೂ ಬರ್ತಾನೇ ಇದೆ" ಎಂದು ನಗುತ್ತಿದ್ದಳು.

ಶಾಲೆಯ ಸಮಿತಿಯಲ್ಲಿದ್ದ ನನಗೆ ಅದು ಹಿಡಿಸಲಿಲ್ಲ. ಕನ್ನಡವನ್ನು ಕನ್ನಡದವರೇ ಕಲಿಸಲಿ ಎಂದು, ಅವಳನ್ನು ಆ ಪಾಠದಿಂದ ಬಿಡಿಸಲು ಒಂದು ದಿನ ತರಗತಿಗೇ ಹೋದೆ.

ಒಳಗೆ ಅವಳು, "ನಿಮ್ಮಷ್ಟಿದ್ದಾಗ, ಕನ್ನಡ ಶಾಲೆಗೆ ಸೇರಿದ ದಿನ ನಾನು ಹೆಡ್‌ಮಾಸ್ಟರಿಗೇ 'ಬಾರೋ' ಅಂದಿದ್ದೆ ಕಣ್ರೋ!" ಎನ್ನುತ್ತಿದ್ದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಬಿಹಾರದ ಕೂಲಿಯವರ ಮಗಳೊಬ್ಬಳು ಅದುವರೆಗೆ ತರಗತಿಯಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಅವಳೂ ನಕ್ಕಳು. ಬಾಗಿಲಲ್ಲಿದ್ದ ನನ್ನನ್ನು ಕಂಡು ಎದ್ದು ನಿಂತು, "ಅಜ್ಜಾ, ಏನು ಬೇಕು?" ಎಂದು ಕೇಳಿದಳು.

ಆ ಮಗುವಿನ ಮೊದಲ ಕನ್ನಡಕ್ಕೆ ನಾನು ಸುಳ್ಳು ಹೇಳಿದೆ.

"ಪಾಠ ಕೇಳೋಕೆ ಬಂದೆ, ಮಗಾ."