ರೋಜಾಳ ಥೈರಾಯ್ಡ್

ಸುಸ್ತಾದವರನ್ನು ಜನ ಒಳ್ಳೆಯವರೆಂದು ತಿಳಿಯುತ್ತಾರೆ. ಇದು ನನ್ನ ಸ್ವಂತ ಅನುಭವ. ಥೈರಾಯ್ಡ್ ಮಂದವಾಗಿದೆಯೆಂದು ಗೊತ್ತಾಗುವವರೆಗೆ ವರ್ಷಗಟ್ಟಲೆ ನಾನು ನಮ್ಮ ಬಳಗದ ಆದರ್ಶ ಸೊಸೆಯಾಗಿದ್ದೆ. ಎದುರಾಡುತ್ತಿರಲಿಲ್ಲ, ಬಾಯಿ ತೆರೆಯುವ ಶಕ್ತಿ ಇರಲಿಲ್ಲ, ಅಷ್ಟೆ. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಕಾಫಿಗಾಗಿ ಗಡಿಯಾರ ನೋಡುತ್ತಾ ಕೂರುತ್ತೇನೆ. ಆದರೂ ಸುಸ್ತು ಹಳೆಯ ಬಾಡಿಗೆದಾರನ ಹಾಗೆ ಒಂದು ಕೋಣೆ ಉಳಿಸಿಕೊಂಡಿದೆ.

ಇದೇ ಕಾಯಿಲೆ ಕೋಳಿಗೂ ಬರಬಹುದೆಂದು ಗೊತ್ತಿರಲಿಲ್ಲ. ಕೋಳಿಯ ವಿಷಯವಾಗಿ ನಮಗೆ ಏನು ತಾನೇ ಗೊತ್ತಿತ್ತು? ನನ್ನವರು ಉಡುಪಿ ಕಡೆಯವರು, ಚೆನ್ನೈಯ ಕೋಯಂಬೇಡಿನಲ್ಲಿ ಸಸ್ಯಾಹಾರಿ ಹೋಟೆಲಿನ ಮ್ಯಾನೇಜರು. ಮಗಳು ಗಿಂಡಿಯ ಫುಟ್‌ಪಾತಿನಿಂದ ಗುಲಾಬಿ ಬಣ್ಣ ಬಳಿದ ಮರಿಯೊಂದನ್ನು ತಂದಾಗ, ಬಣ್ಣ ನೋಡಿಯೇ ಹೆಣ್ಣೆಂದು ನಿರ್ಧರಿಸಿ ರೋಜಾ ಎಂದು ಹೆಸರಿಟ್ಟೆವು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಶೇಷಗಿರಿರಾಯರು, ತಲೆತಲಾಂತರದಿಂದ ಮದ್ರಾಸಿನಲ್ಲೇ ನೆಲೆಸಿದ ಕನ್ನಡಿಗರು, ಕನ್ನಡಕ ಏರಿಸಿ ಪರೀಕ್ಷಿಸಿದರು. "ಹೆಣ್ಣಾ? ಪರವಾಯಿಲ್ಲೆ, ಇರಲಿಮ್ಮಾ. ಹುಂಜ ಆದ್ರೆ ಕಂಡಿಪ್ಪಾ ಬೇಡ, ಬೇಡವೇ ಬೇಡ. ಕೂಗಿ ಎಲ್ಲರ ನಿದ್ದೆ ಕೆಡಿಸುತ್ತೆ." ಜೀವಮಾನದಲ್ಲಿ ಕೋಳಿಯನ್ನು ಹತ್ತಿರದಿಂದ ನೋಡದವರೆಲ್ಲ ಸೇರಿ ಒಮ್ಮತಕ್ಕೆ ಬಂದೆವು.

ಬಣ್ಣ ಉದುರಿತು. ರೋಜಾ ಬೆಳೆಯಲಿಲ್ಲ. ಬಾಲ್ಕನಿಯ ಮೂಲೆಯಲ್ಲಿ ಕಣ್ಣು ಅರೆಮುಚ್ಚಿ ಕೂತಿರುತ್ತಿತ್ತು. "ಎಷ್ಟು ಸಾಧು!" ಎಂದು ಪಕ್ಕದ ಮನೆಯವರೆಲ್ಲ ಮೆಚ್ಚಿದರು. ಆ ಮೆಚ್ಚುಗೆ ಕೇಳಿದಾಗಲೇ ನನಗೆ ಅನುಮಾನ ಬಂತು. ಡಾಕ್ಟರಲ್ಲಿಗೆ ಒಯ್ದೆ.

ಪಶುವೈದ್ಯೆ ರಕ್ತ ಪರೀಕ್ಷೆ ಮಾಡಿಸಿ ವಿವರಿಸಿದರು. ಇದು ಹುಂಜ. ಎಳೆಯ ಪ್ರಾಯದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಹಕ್ಕಿಯ ವೃಷಣವಾಗಲಿ ಅಂಡಾಶಯವಾಗಲಿ ಹೊತ್ತಿಗೆ ಸರಿಯಾಗಿ ಬೆಳೆಯುವುದಿಲ್ಲವಂತೆ. ವೃಷಣ ಬೆಳೆಯದೆ ಜುಟ್ಟು ಕೆಂಪಾಗುವುದಿಲ್ಲ, ಕೂಗೂ ಹೊರಡುವುದಿಲ್ಲ. ಹಾಗೆಂದು ಹಾರ್ಮೋನು ಅತಿಯಾದರೂ ಕಷ್ಟವೇ. ಅಂಗ ಅವಸರದಲ್ಲಿ ಬಲಿತು ಚಿಕ್ಕದಾಗಿಯೇ ನಿಂತುಬಿಡಬಹುದು. ಕತ್ತಿನ ಒಂದು ಪುಟ್ಟ ಗ್ರಂಥಿ ಎಲ್ಲೆಲ್ಲಿಗೋ ಆಜ್ಞೆ ಕಳಿಸುತ್ತದೆ, ನಮ್ಮ ಅತ್ತೆಯವರು ಊರಿನಿಂದಲೇ ನಮ್ಮ ಅಡುಗೆಮನೆ ನಡೆಸುತ್ತಿದ್ದ ಹಾಗೆ. ಮದ್ದು ನಾನು ನುಂಗುವುದೇ, ಆದರೆ ಪ್ರಮಾಣ ಸಾಸಿವೆಯಷ್ಟು.

ಮದ್ದು ಕೊಟ್ಟರೆ ರೋಜಾ ಕೂಗುತ್ತಾನೆ. ಕೂಗಿದರೆ ಮನೆ ಬಿಡಬೇಕು. ಈ ಊರಿನಲ್ಲಿ ಮನೆ ಬಿಟ್ಟ ಹುಂಜ ಸೇರುವುದು ಬಿರಿಯಾನಿ ಅಂಗಡಿಯನ್ನೇ.

"ಸುಮ್ನೆ ಕೂತಿದೆಯಲ್ಲ ಮಾರಾಯ್ತಿ, ಇರ್ಲಿ ಬಿಡು. ಜೀವ ಆದ್ರೂ ಉಳೀತದೆ" ಎಂದರು ನನ್ನವರು.

ಮಗಳು ಅದರ ಬೆನ್ನು ಸವರುತ್ತಾ, "ಪಾವಂಮಾ" ಎಂದಳು, ಪಾಪ ಎಂಬಂತೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಗಂಡನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹಾಗೆ ಮೂಲೆಯಲ್ಲಿ ಕೂತಿರುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಆ ಕಣ್ಣಿನ ಮಂಜು ನನ್ನದೇ. ಅದನ್ನು ನೋಡಿಯೂ ಮಾತ್ರೆಯನ್ನು ನಾನೊಬ್ಬಳೇ ನುಂಗುವುದಕ್ಕೆ ಮನಸ್ಸು ಬರಲಿಲ್ಲ. ಅನ್ನದಲ್ಲಿ ಕಲಸಿ ಕೊಡತೊಡಗಿದೆ.

ಜುಟ್ಟು ಮೆಲ್ಲಗೆ ಕೆಂಪೇರಿತು. ಒಂದು ಮುಂಜಾನೆ ರೋಜಾ ಕೂಗಿದ. ನೀರಿನ ಮೋಟಾರು, ಮಿಕ್ಸಿ, ಮೂರನೇ ಮಹಡಿಯ ಸುಪ್ರಭಾತದ ಸ್ಪೀಕರು, ಯಾವುದಕ್ಕೂ ಏಳದ ಕಟ್ಟಡ ಎದ್ದು ಕೂತಿತು. ನಿಜ ಹೇಳಬೇಕೆಂದರೆ ನನ್ನ ನಿದ್ದೆಯೂ ಕೆಟ್ಟು ಕೋಪ ಬಂತು.

ರಾಯರು ಬನಿಯನ್ನಿನಲ್ಲೇ ಬಂದರು. "ಏನ್ಮಾ ಇದು! ಇಷ್ಟು ದಿವಸ ಎಷ್ಟು ಸಾಧುವಾಗಿ ಇತ್ತು! ಇವತ್ತೇ ಅನುಪ್ಪಿಬಿಡಿ."

"ಅದು ಸಾಧುವಾಗಿರಲಿಲ್ಲ ರಾಯರೇ, ಕಾಯಿಲೆ ಬಿದ್ದಿತ್ತು. ಈಗ ವಾಸಿಯಾಗಿದೆ. ಕಳಿಸಲ್ಲ. ಮೊದಲು ಮೂರನೇ ಮಹಡಿಯ ಸ್ಪೀಕರ್ ನಿಲ್ಲಿಸಿ, ಆಮೇಲೆ ಬನ್ನಿ."

ನನ್ನ ದನಿಗೆ ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಸ್ಪೀಕರಿನ ಮನೆ ರಾಯರ ಭಾವಮೈದನದು. ರಾಯರು ಗಾಬರಿಯಿಂದ, ಬಾಗಿಲಿಗೆ ಬಂದಿದ್ದ ನನ್ನವರ ಮುಖ ನೋಡಿದರು. ಇಷ್ಟು ವರ್ಷ ಅವರು ಕಂಡಿದ್ದ ಸೊಸೆ ನಾನಲ್ಲ.

"ಎಂತ ಮಾಡೂದು ರಾಯ್ರೆ," ಎಂದರು ನನ್ನವರು, "ಇಬ್ರಿಗೂ ಒಂದೇ ಮದ್ದು."