ಸುಬ್ಬಪ್ಪನವರ ಪೆನ್ಸಿಲ್
ಜನ್ನಾಪುರದ ಸುಬ್ಬಪ್ಪನವರಿಗೆ ಪುಸ್ತಕ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲೇಬೇಕು. ಮೂವತ್ತು ವರ್ಷ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕುಲುಮೆ ನೋಡಿಕೊಂಡ ಮನುಷ್ಯ. ಬೆಂಕಿಯ ವಿಷಯದಲ್ಲಿ ಯಾವ ಲೇಖಕ ತಪ್ಪಿದರೂ ಪುಟದ ಅಂಚಿನಲ್ಲಿ 'ಸುಳ್ಳು' ಎಂದು ಗೀಚಿಬಿಡುತ್ತಾರೆ. ಪ್ರೇಮಕಥೆಯಲ್ಲಿ ಒಲೆ ಹೊತ್ತಿಸುವ ನಾಯಕಿಯನ್ನೂ ಬಿಟ್ಟವರಲ್ಲ. ಪ್ರತಿ ಗುರುವಾರ ಅವರು ಪುಸ್ತಕ ಹಿಂತಿರುಗಿಸಿದ ಕೂಡಲೇ ದುರ್ಗಿಗುಡಿಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಮಂಜುಶ್ರೀ ರಬ್ಬರ್ ಹಿಡಿದು ಕೂರುತ್ತಾಳೆ. ಅಂಥವರು ಈಗ, ಸತ್ತವರೆಲ್ಲ ಕುಲುಮೆಯೊಳಗೆ ಬದುಕುವ ಒಂದು ಕರಾಳ ಮಾಯಾಲೋಕದ ಕಾದಂಬರಿಯನ್ನು ನಾಲ್ಕು ಸಲ ಒಯ್ದು, ಬಸ್ಸಿನಲ್ಲಿ ಪಕ್ಕ ಕೂತವರ ಮುಂದೆಲ್ಲ ಹೊಗಳುತ್ತಿದ್ದಾರೆ. "ಭೂತ, ರಾಕ್ಷಸಿ ಎಲ್ಲಾ ಇದೆ, ಆದ್ರೆ ಒಂದೂ ಸುಳ್ಳಿಲ್ಲ. ತೇವ ಆರದ ಹಸಿ ಅಚ್ಚಿಗೆ ಕರಗಿದ ಕಬ್ಬಿಣ ಸುರಿದ್ರೆ ಮೊದಲು ಕುದಿಯುತ್ತೆ, ಆಮೇಲೆ ಸಿಡಿಯುತ್ತೆ ಅಂತ ಇದನ್ನ ಬರೆದ ಹುಡುಗಿಗೆ ಹ್ಯಾಗೆ ಗೊತ್ತಾಯ್ತು ಮಾರಾಯ್ತಿ" ಎಂದು ಮಂಜುಶ್ರೀಯನ್ನೇ ಕೇಳುತ್ತಾರೆ, ಬರೆದವಳು ಅವಳೇ ಎಂಬಂತೆ. ಆ ಕಾದಂಬರಿಯಲ್ಲಿ ಒಂದು ಕಡೆ ಸತ್ತವರು ಕುಲುಮೆಯಿಂದ ಹೊರಬಂದು, ಸಾಲಾಗಿ ನಿಂತು ನೀರು ಕುಡಿಯುತ್ತಾರೆ. ಕೊನೆಯಲ್ಲಿ ನಿಂತವನ ಹೆಸರು ಯಾರಿಗೂ ತಿಳಿಯದು ಎಂದು ಬರೆದಿದೆ. ಅದರ ಪಕ್ಕದಲ್ಲಿದೆ, ಮಂಜುಶ್ರೀ ಇದುವರೆಗೆ ಅಳಿಸದೆ ಬಿಟ್ಟ ಸುಬ್ಬಪ್ಪನವರ ಒಂದೇ ಒಂದು ಬರಹ: 'ನನಗೆ ಗೊತ್ತು. ಕರಿಯಣ್ಣ, ನಮ್ಮ ಸೆಕೆಂಡ್ ಶಿಫ್ಟಿನವನು.'