ನಲ್ಲಿ ಮುಟ್ಟಿ ಒಳಬರುತ್ತಿದ್ದ ಖಲೀಲ್ ಸಾಬರು

ನಿಟ್ಟುವಳ್ಳಿಯ ಆ ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆ ನಾವು ಮೂವರು ಸೇರುತ್ತಿದ್ದೆವು. ಮಾಲೀಕರಾದ ವೀರಭದ್ರಪ್ಪನವರು ಹಣೆತುಂಬ ವಿಭೂತಿ ಧರಿಸಿ ಊದುಬತ್ತಿ ಬೆಳಗುತ್ತಿದ್ದರು. ನಾನು ಬೆಸುಗೆ ಹಾಕುವ ಸಲಾಕೆಯನ್ನು ಕಾಯಲು ಇಡುತ್ತಿದ್ದೆ. ನಮ್ಮ ಇಂಜಿನಿಯರ್ ಖಲೀಲ್ ಸಾಬರು ಮಾತ್ರ ಬಾಗಿಲಾಚೆಯ ಕಬ್ಬಿಣದ ನಲ್ಲಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಬರುತ್ತಿದ್ದರು. ನೀರು ಬಿಡುತ್ತಿರಲಿಲ್ಲ, ಕೈ ತೊಳೆಯುತ್ತಿರಲಿಲ್ಲ. ಯಾವುದೋ ದರ್ಗಾದ ಹರಕೆ ಇರಬೇಕೆಂದು ಓಣಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಅದರ ಹಿಂದೆ ಇದ್ದದ್ದು ಭಯ. ಒಣ ಹವೆಯಲ್ಲಿ ಓಡಾಡುವವರ ಮೈಮೇಲೆ ವಿದ್ಯುತ್ತು ಕೂಡಿಕೊಳ್ಳುತ್ತದೆ. ಟೆರಿಕಾಟ್ ಅಂಗಿ ಕಳಚುವಾಗ ಚಟಪಟ ಅನ್ನುವುದು ಅದೇ. ನಮ್ಮ ಕೆಲಸವೆಲ್ಲ ಐಸಿಗಳದು, ಯಂತ್ರಗಳನ್ನು ನಿಯಂತ್ರಿಸುವ ಪೆಟ್ಟಿಗೆಯೊಳಗೆ ಕೂಡಿಸುವ, ಜರಿಹುಳದಂತೆ ಸಾಲುಗಾಲಿನ ಕರಿಯ ಬಿಲ್ಲೆಗಳು. ನಮಗೆ ಗೊತ್ತೇ ಆಗದಂಥ ಸಣ್ಣ ಕಿಡಿ ಅವುಗಳ ಕಾಲಿಗೆ ತಗಲಿದರೂ ಒಳಗೆ ಸುಡುತ್ತದೆ. ನಲ್ಲಿ ಮುಟ್ಟಿದರೆ ಮೈಮೇಲಿನದು ನೆಲಕ್ಕೆ ಇಳಿಯುತ್ತದೆ. ನಾನು ಮದುವೆಯ ಟೆರಿಕಾಟ್ ಅಂಗಿ ಹಾಕಿಕೊಂಡು ಠೀವಿಯಿಂದ ಕೆಲಸಕ್ಕೆ ಬಂದ ದಿನ ಸಾಬರು ನನ್ನನ್ನು ಹೊಸ್ತಿಲಲ್ಲೇ ತಡೆದು, ತಮ್ಮ ಹಳೇ ಖಾದಿ ಅಂಗಿ ಕೊಟ್ಟು ಒಳಗೆ ಬಿಟ್ಟರು.

“ಸತ್ತ ಐಸಿ ಸಾಚಾ, ತಮ್ಮಾ,” ಅಂದರು ಅವತ್ತು. “ಗಾಯ ಆದದ್ದು ಐತಲ್ಲ, ಅದನ್ನ ನಂಬಬ್ಯಾಡ. ಇವತ್ತು ನೆಟ್ಟಗೆ ಕೆಲಸ ಮಾಡ್ತೈತೆ. ಯಾವತ್ತು ಕೈ ಬಿಡ್ತೈತೆ ಅಂತ ಅದಕ್ಕೂ ಗೊತ್ತಿಲ್ಲ.”

ಐಸಿ ಆರಿಸುವಾಗ ಅವರು ಹೆಣ್ಣು ಕೊಡುವ ಮನೆಯ ಹಿರಿಯರಂತೆ ಆಗಿಬಿಡುತ್ತಿದ್ದರು. ಇದು ಎಂಥ ಮನೆ ಸೇರುತ್ತದೆ, ಅಲ್ಲಿ ಸೆಕೆಯೆಷ್ಟು, ಧೂಳೆಷ್ಟು ಎಂಬುದು ಮೊದಲ ವಿಚಾರ. ಆಮೇಲೆ ಐಸಿ ಕಂಪನಿಯ ವಿವರಗಳ ಹಾಳೆ ಬಿಡಿಸಿ, “ಬಾಗಿಲಾಗ ಕಾವಲು ಐತಾ?” ಎಂದು ಗುನುಗುತ್ತ ಬೆರಳಾಡಿಸುತ್ತಿದ್ದರು. ಕಾವಲೆಂದರೆ, ಕಿಡಿ ಒಳನುಗ್ಗದಂತೆ ಪ್ರತಿ ಕಾಲಿನ ಬುಡದಲ್ಲೂ ಕಟ್ಟಿಟ್ಟ ರಕ್ಷಣೆ. ಅದು ಎಂಥ ಕಿಡಿ ತಾಳುತ್ತದೆ ಎಂದು ಬರೆದಿರದಿದ್ದರೆ ಆ ಹಾಳೆಯನ್ನು ಮಡಚಿ ಬದಿಗಿಡುತ್ತಿದ್ದರು.

ಆ ವರ್ಷ ಹರಿಹರದ ಒಂದು ನೂಲಿನ ಗಿರಣಿಗೆ ನಾವು ಪೆಟ್ಟಿಗೆಗಳನ್ನು ಮಾಡಿಕೊಟ್ಟೆವು. ಹತ್ತಿಗೆ ಪಾಲಿಯೆಸ್ಟರ್ ಬೆರೆಸಿ ಹಿಂಜುವ ಯಂತ್ರಗಳು. ಒಳಗೆ ಮುಳ್ಳುಹಲ್ಲಿನ ರೋಲರುಗಳು. ಸಿಕ್ಕಿಕೊಂಡ ಅರಳೆ ತೆಗೆಯಲು ಮುಚ್ಚಳ ಎತ್ತಿದ ಕೂಡಲೇ ಯಂತ್ರವನ್ನು ನಿಲ್ಲಿಸುವುದು ನಮ್ಮ ಪೆಟ್ಟಿಗೆಯ ಕೆಲಸ. ಕಡೆಯ ಯಂತ್ರದೊಳಗೆ ಕೈ ಹಾಕುವವನು ಬಸಪ್ಪ ಎಂಬ ಹರಿಹರದವನೇ. ಕಾವಲಿದ್ದ ಐಸಿಗಳು ಕಡೆಯ ಯಂತ್ರಕ್ಕೆ ಸಾಲಲಿಲ್ಲ. ಸಾಬರು ತಂಗಿಯ ಮಗಳ ಮದುವೆಗೆ ಹೋಗಿದ್ದಾಗ ವೀರಭದ್ರಪ್ಪನವರು, ಎರಡರ ಕೆಲಸವೂ ಒಂದೇ ಅಲ್ಲವೇ ಎಂದು, ಕಾವಲಿಲ್ಲದ ಹಳೇ ನಮೂನೆಯದನ್ನೇ ಕೂಡಿಸಿ ಕಳಿಸಿದರು.

ಅಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತೇನೋ. ಆಯುಧಪೂಜೆ ಬಂತು. ಗಿರಣಿಯವರು ಭಕ್ತಿಯಿಂದ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿ, ಐಸಿ ಕೂಡಿಸಿದ ಒಳಗಿನ ಹಲಗೆಗಳನ್ನು ಹೊರತೆಗೆದು, ನೈಲಾನ್ ಸೀರೆಯ ತುಂಡಿನಿಂದ ಫಳಫಳ ಅನ್ನುವಂತೆ ಉಜ್ಜಿ, ಕುಂಕುಮವಿಟ್ಟು ಪೂಜೆ ಮಾಡಿದರು. ಆಮೇಲೆ ಜೋಡಿಸಿದರೆ ಎಲ್ಲವೂ ಮೊದಲಿನಂತೆಯೇ ಓಡಿದವು. ಮಾರನೇ ವಾರ ಪರೀಕ್ಷೆಗೆ ಹೋದ ನಮಗೆ ಅದನ್ನು ಹೆಮ್ಮೆಯಿಂದ ಹೇಳಿದರು. ಸಾಬರ ಮುಖ ಬಿಳಿಚಿತು. ಕಾವಲಿಲ್ಲದ ಐಸಿ ಕೂತಿದ್ದ ಕಡೆಯ ಪೆಟ್ಟಿಗೆ ಬಿಚ್ಚಿ ನೋಡಿದರು, ಮುಚ್ಚಿದರು. ಹೊಸ ಐಸಿ ಬರುವ ತನಕ ಈ ಯಂತ್ರ ನಿಲ್ಲಿಸಿರೆಂದು ಮ್ಯಾನೇಜರನ್ನು ಕೇಳಿಕೊಂಡರು.

ಮ್ಯಾನೇಜರ್ ಮುಚ್ಚಳ ಎತ್ತಿದರು. ಯಂತ್ರ ನಿಂತಿತು. ಮತ್ತೆ ಎತ್ತಿದರು, ಮತ್ತೆ ನಿಂತಿತು. “ಸಾಬ್ರ, ನಿಮ್ಮ ಐಸಿಗಿಂತ ನೀವೇ ಜಾಸ್ತಿ ಹೆದರ್ತೀರಲ್ಲ,” ಅಂದರು. ಸುತ್ತ ನಿಂತವರು ನಕ್ಕರು, ಬಸಪ್ಪನೂ ನಕ್ಕ.

ಸಾಬರು ನಗಲಿಲ್ಲ. ಬಸಪ್ಪನನ್ನು ಪಕ್ಕಕ್ಕೆ ಕರೆದು ಒಂದು ಹಿಡಿ ಅರಳೆ ಅವನ ಕೈಗಿಟ್ಟರು. “ಮುಚ್ಚಳ ತೆಗೆದ ಮ್ಯಾಲ ಮೊದಲು ಹತ್ತಿ ಒಗಿ. ಹತ್ತಿ ಬಿದ್ದಲ್ಲೇ ಬಿದ್ದಿದ್ರೆ ಕೈ ಹಾಕು. ದಿನಕ್ಕ ನೂರು ಸಲ ತೆಗೆದ್ರೂ ನೂರು ಸಲ ಒಗಿ. ನಾನು ಬಂದು ನೋಡ್ತೀನಿ.”

ಬಂದೇ ಬಂದರು. ವಾರವಾರ ರಜೆಯ ದಿನ ಹರಿಹರದ ಬಸ್ಸು ಹತ್ತಿ, ಕಡೆಯ ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತುಬಿಡುತ್ತಿದ್ದರು. ಗಿರಣಿಯವರು ಅವರಿಗೆ ಹತ್ತಿ ಸಾಬರೆಂದು ಹೆಸರಿಟ್ಟರು. ಅವರು ಬಂದರೆ ಬಸಪ್ಪ ನಾಟಕದವನಂತೆ ಕೈ ಎತ್ತಿ ಅರಳೆ ಎಸೆದು ತೋರಿಸುತ್ತಿದ್ದ. ಮಿಕ್ಕ ದಿನ ಎಸೆಯುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಸಾಬರ ನಿದ್ದೆ ಹೋಯಿತು. ಹೊಸ ಐಸಿ ತರಿಸಿಕೊಡಬೇಕಿದ್ದ ಬೆಂಗಳೂರಿನ ವ್ಯಾಪಾರಿ ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ಇದ್ದ. ವೀರಭದ್ರಪ್ಪನವರೂ ಈಗ ಟಪಾಲಿನವನ ದಾರಿ ಕಾಯತೊಡಗಿದ್ದರು.

ಸಂಕ್ರಾಂತಿ ಕಳೆದು ಒಣಗಾಳಿ ಶುರುವಾಯಿತು. ಒಂದು ಬೆಳಿಗ್ಗೆ ಸಾಬರು ನಲ್ಲಿ ಮುಟ್ಟಿದಾಗ ಚಟ್ ಎಂದದ್ದು ಒಳಗಿದ್ದ ನನಗೂ ಕೇಳಿಸಿತು. ಒಡೆದ ತುಟಿಯನ್ನು ಸವರಿಕೊಳ್ಳುತ್ತ, “ಇನ್ನ ಹುಷಾರಿರಬೇಕು, ತಮ್ಮಾ. ಐಸಿ ಬಂದ್ರ ಮೊದಲು ಆ ಕಡೇ ಮಿಷನ್ನಿಗೆ,” ಅಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತರು, ಸಂಜೆಗೆ ಇರಲಿಲ್ಲ.

ಅವರನ್ನು ಮಣ್ಣು ಮಾಡಿದ ಮುಂದಿನ ವಾರ, ಮಧ್ಯಾಹ್ನದ ಹೊತ್ತಿಗೆ ಬಸಪ್ಪ ಹರಿಹರದಿಂದ ನಮ್ಮ ಶೆಡ್ಡಿಗೆ ಬಂದ. ಯಾರೂ ಹೇಳದೆ ನಲ್ಲಿ ಮುಟ್ಟಿ ಒಳಗೆ ಬಂದ. ವೀರಭದ್ರಪ್ಪನವರು ಏನಪ್ಪಾ ಅಂದರು. ಬೆಳಿಗ್ಗೆ ಮುಚ್ಚಳ ತೆಗೆದನಂತೆ. ಸಾಬರೇ ಹೋದರು, ಇನ್ನು ಯಾರಿಗೆ ತೋರಿಸಬೇಕು ಎಂದು ಕೈ ಮುಂದೆ ಮಾಡಿದವನು, ಅಭ್ಯಾಸಬಲದಿಂದ ಅರಳೆ ಎಸೆದನಂತೆ.

“ಹತ್ತೀನ ಒಳಗೆ ಎಳಕೊಂತ್ರಿ,” ಅಂದ.

ನಾನು ಚಹಾ ತಂದುಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಕುಡಿದ.